ಕೂಲರಿನ ಪರದೆ ಬೇಕೆಂದವರು ಯಾರು

ನನ್ನ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಪುಟ್ಟ ಪರದೆ ಇದೆ. ಪ್ರೊಸೆಸರನ್ನು ತಂಪಾಗಿಡುವ ಕೂಲರಿನ ನೆತ್ತಿಗೆ ಅಂಟಿಕೊಂಡ, ಚಹಾದ ಕಪ್ಪಿನಡಿಯ ಬಸಿಯ ಅರ್ಧದಷ್ಟು ಅಗಲದ ದುಂಡು ಪರದೆ. ಪೆಟ್ಟಿಗೆಯ ಗಾಜಿನ ಬದಿಯಿಂದ ಕಾಣುತ್ತದೆ. ಪ್ರೊಸೆಸರು ಎಷ್ಟು ಬಿಸಿಯಾಗಿದೆ ಎಂಬುದನ್ನು ಅಂಕಿಯಲ್ಲಿ ತೋರಿಸುತ್ತದೆ. ಬೇಕೆಂದರೆ ಫೋಟೊವನ್ನೋ ಕುಣಿಯುವ ಬೆಕ್ಕನ್ನೋ ಹಾಕಿಕೊಳ್ಳಬಹುದು. ಇದರಿಂದ ಪ್ರೊಸೆಸರು ಒಂದು ಡಿಗ್ರಿಯೂ ಹೆಚ್ಚು ತಂಪಾಗುವುದಿಲ್ಲ. ಪರದೆಯಿಲ್ಲದ ಅದೇ ಕೂಲರು ಅಷ್ಟೇ ಕೆಲಸವನ್ನು ಕಡಿಮೆ ಬೆಲೆಗೆ ಮಾಡುತ್ತದೆ. ಅಂಕಿಯೇ ಬೇಕಿದ್ದರೆ ಮಾನಿಟರಿನ ಮೂಲೆಯಲ್ಲಿ ಪುಕ್ಕಟೆ ಸಿಗುತ್ತದೆ. ಸಾಲದ್ದಕ್ಕೆ ಈ ಪರದೆಗೆಂದೇ ಒಂದು ತಂತ್ರಾಂಶ ಸದಾ ಹಿಂದೆ ಓಡುತ್ತಿರಬೇಕು. ಅದು ಮುನಿಸಿಕೊಂಡ ದಿನ ಪರದೆ ಕಂಪನಿಯ ಲಾಂಛನವನ್ನಷ್ಟೇ ತೋರಿಸುತ್ತ ಕೂರುತ್ತದೆ.

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವಾಗದ ವಸ್ತುವಿಗೆ ದುಡ್ಡು ಕೊಡುವವರ ಪೈಕಿ ಅಲ್ಲ. ಆದ್ದರಿಂದ ಅದನ್ನು ಆರಿಸಿದವನು ನನ್ನ ಗೆಳೆಯ ಎಂದೇ ನೆನಪಿಟ್ಟುಕೊಂಡಿದ್ದೆ.

ಈ ಮರಾಠಿ ಊರಿನ ಬಿಬವೇವಾಡಿ ಬಡಾವಣೆಯ ನನ್ನ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಅವನು ಕೆಲವು ವರ್ಷ ಇದ್ದ. ಮೈಸೂರಿನ ಕಡೆಯವನು, ನನಗಿಂತ ಚಿಕ್ಕವನು. ನಾನು ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ ‘ಇದೆ’ ಎನ್ನಲು ‘ಅದ’ ಅಂದಾಗಲೆಲ್ಲ ‘ಏನದು?’ ಎಂದು ಕೇಳಿ ಕಾಡುತ್ತಿದ್ದ. ಆಮೇಲೆ ಮದುವೆಯಾಗಿ, ಊರಾಚೆ ದೂರದ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಅತ್ತಲೇ ಮನೆ ಮಾಡಿದ. ಹೋಗುವ ಮುಂಚೆ ನನ್ನ ಮನೆಗೆಲಸಕ್ಕೆ, ಅಂದರೆ ಮನೆಯಲ್ಲೇ ಕುಳಿತು ಒಂದು ವಿಮಾ ಕಂಪನಿಗೆ ಲೆಕ್ಕ ಹಾಕುವ ಕೆಲಸಕ್ಕೆ, ಈ ಯಂತ್ರವನ್ನು ಇಬ್ಬರೂ ಕೂಡಿ ಜೋಡಿಸಿದೆವು. ಬಿಡಿಭಾಗ ಕೊಳ್ಳಲು ಹೋದ ಅಂಗಡಿಯಲ್ಲಿ ಅವನು ಈ ಕೂಲರನ್ನು ಎತ್ತಿ ತೋರಿಸಿ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಉಳಿದಿತ್ತು: “ನೀವ್ ಒಬ್ರೇ ಇರ್ತೀರಾ ಸಾರ್. ಮನೇಲಿ ಏನಾದ್ರೂ ಅಲ್ಲಾಡ್ತಾ ಇರ್ಲಿ.”

ಹಾಲಿನವನ ಜೊತೆಗಿನ ಎರಡು ಮರಾಠಿ ಮಾತು ಬಿಟ್ಟರೆ ಬಾಯಿ ತೆರೆಯದ ದಿನಗಳು ನನಗೆ ಬಹಳ. ಅಂಥ ದಿನ ಆ ಅಂಕಿ ಏರಿಳಿಯುವುದನ್ನು ನೋಡುತ್ತಿದ್ದೆ. ನಾನು ಒಂಟಿಯಾಗುತ್ತೇನೆಂದು ಒಬ್ಬನಾದರೂ ಮೊದಲೇ ಯೋಚಿಸಿದ್ದ ಎಂಬುದಕ್ಕೆ ನನ್ನ ಬಳಿ ಇದ್ದ ಸಾಕ್ಷಿ ಅದೊಂದೇ. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆ ಅಂಗಡಿಯ ಮುಂದೆ ಹುಣಸೆಮರವಿತ್ತೆಂದು ಖಚಿತವಾಗಿ ನೆನಪಿತ್ತು. ಹೋದ ವರ್ಷ ಆ ದಾರಿಯಲ್ಲಿ ಹೋದಾಗ ನೋಡಿದೆ. ಮರವಿರಲಿಲ್ಲ. ಪಕ್ಕದವರನ್ನು ಕೇಳಿದರೆ ಅಲ್ಲಿ ಯಾವತ್ತೂ ಮರವೇ ಇರಲಿಲ್ಲವಂತೆ.

ಮರದ ವಿಷಯ ಹೋಗಲಿ. ಗೆಳೆಯನ ಆ ಮಾತನ್ನೂ ನಾನೇ ನೆಟ್ಟುಕೊಂಡಿದ್ದರೆ? ಕೇಳಿ ತಿಳಿಯಲು ಧೈರ್ಯ ಬರಲಿಲ್ಲ.

ಈ ಸಲದ ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಎದುರು ಮನೆಯ ಬೆಳಗಾವಿಯ ಹಿರಿಯ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಎಂದಿನಂತೆ ಬಂದರು. ತಮ್ಮ ಹೊಲಿಗೆ ಯಂತ್ರ, ಮಗನ ಸ್ಕೂಟರು ಮುಗಿಸಿ ನನ್ನ ಕಂಪ್ಯೂಟರಿಗೂ ಪೂಜೆ ಮಾಡುವುದು ಅವರ ರೂಢಿ. ನನಗೆ ನಂಬಿಕೆಯಿಲ್ಲ, ಆದರೆ ಬೇಡವೆಂದರೆ ಆ ದಿನವೂ ಯಾರೂ ಒಳಗೆ ಬರುವುದಿಲ್ಲ. ಪೂಜೆಯಾದ ಯಂತ್ರ ಆ ದಿನ ದುಡಿಯಬಾರದು. ಬಂದ್ ಮಾಡಿದಿರೋ ಇಲ್ಲವೋ ಎಂದು ಕೇಳಿದರು, ಹೌದೆಂದೆ. ಬಂದ್ ಮಾಡಿದ್ದು ಮಾನಿಟರನ್ನು ಮಾತ್ರ. ಸಂಜೆಯೊಳಗೆ ಕಳಿಸಬೇಕಾದ ಲೆಕ್ಕ ಒಳಗೆ ಓಡುತ್ತಲೇ ಇತ್ತು. ಕಾಕು ಪೆಟ್ಟಿಗೆಯ ತಲೆಯ ಮೇಲೆ ರವಿಕೆಯ ಖಣ ಮಡಿಸಿಟ್ಟು, ಅದರ ಮೇಲೆ ತೆಂಗಿನಕಾಯಿ, ಸುತ್ತ ಚೆಂಡುಹೂವು ಏರಿಸಿದರು. ಬಿಸಿಗಾಳಿ ಹೊರಬರುವುದು ಅಲ್ಲಿಂದಲೇ. ಆರತಿ ಮುಗಿಸಿ ನಾನು ಕೊಟ್ಟ ಚಹಾ ಕುಡಿಯುತ್ತ ಕುಳಿತವರು ಗಾಜಿನೊಳಗೆ ಬಗ್ಗಿ ನೋಡಿದರು.

“ಬಂದ್ ಮಾಡೀನಿ ಅಂತೀರಿ, ಇದು ಕಣ್ಣ ತಗದು ಕುಂತದಲ್ರಿ. ಕೆಂಪಗ ಆಗೇದ. ಜ್ವರ ಬಂದಾವೇನ್ರಿ ಇದಕ್ಕ?”

ಅಂಕಿ ತೊಂಬತ್ತು ದಾಟಿ ಪರದೆ ಕೆಂಪಾಗಿತ್ತು. ನಾನು ಎದ್ದು ಕಾಯಿ, ಖಣ, ಹೂವು ಎಲ್ಲವನ್ನೂ ಕೆಳಗಿಳಿಸಿದೆ. ಕಾಕು ಬೈಯಲಿಲ್ಲ. “ಇಷ್ಟ ಕಲತವರು ನೀವು, ಒಂದ ದಿನ ಸೂಟಿ ಕೊಡಾಕ ಆಗಲಿಲ್ಲ,” ಎಂದಷ್ಟೇ ಅಂದರು. ಅಂಕಿ ಇಳಿಯುವುದನ್ನು ಇಬ್ಬರೂ ನಿಂತು ನೋಡಿದೆವು.

ಇದು ಪರದೆಯ ಪರವಾದ ಸಾಕ್ಷಿಯಲ್ಲ. ಬಿಸಿ ಮಿತಿ ಮೀರಿದರೆ ಪ್ರೊಸೆಸರು ತಾನೇ ನಿಧಾನವಾಗುತ್ತದೆ, ಸುಟ್ಟುಹೋಗುವುದಿಲ್ಲ. ಆದರೂ ಈ ಸಂಗತಿಯನ್ನು ಯಾರಿಗಾದರೂ ಹೇಳಬೇಕೆನಿಸಿತು. ಮರುದಿನ ದಸರೆಯ ನೆಪ ಸಿಕ್ಕಿತು. ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎನ್ನುವ ನಮ್ಮ ಕಡೆಯ ಮಾತು ಹೇಳಿ ಗೆಳೆಯನಿಗೆ ಫೋನ್ ಮಾಡಿದೆ. ಖಣದ ಕತೆ ಕೇಳಿ ಅವನು ತುಂಬಾ ನಕ್ಕ. ಆ ನಗುವಿನ ಧೈರ್ಯದಲ್ಲಿ ಕೇಳಿಯೇಬಿಟ್ಟೆ: “ನೀ ಅದನ್ನ ಕೊಡಿಸಿದ್ದು ಭಾಳ ಉಪಯೋಗ ಆತು ನೋಡು. ಅವತ್ತ ಏನಂದಿದ್ದಿ, ನೆನಪದ ಏನು?”

“ನಾನಾ? ನಾನ್ ಬೇಡ ಅಂದಿದ್ದೆ ಸಾರ್. ದಂಡ ಅದು ಅಂತ ಅಂಗಡಿಯವನ ಮುಂದೇನೇ ಹೇಳ್ದೆ. ನೀವೇ ಹಠ ಹಿಡಿದ್ರಿ.” ಆಮೇಲೆ ಸೇರಿಸಿದ: “‘ನೀ ಹೋದಮ್ಯಾಲೆ ಮನ್ಯಾಗ ಏನರೆ ಅಲ್ಲಾಡ್ತಿರಬೇಕೋ’ ಅಂದ್ರಿ. ನಂಗೆ ಒಂಥರಾ ಆಯ್ತು, ಸುಮ್ನಾದೆ.”

ಆ ಮಾತನ್ನು ಅವನು ನನ್ನ ಭಾಷೆಯಲ್ಲೇ ಹೇಳಿದ. ಇಬ್ಬರಲ್ಲಿ ಒಬ್ಬನ ನೆನಪು ತಪ್ಪು. ಮೂರನೆಯ ಸಾಕ್ಷಿಯಿಲ್ಲ. ಆದರೆ ಇಂಥದ್ದೊಂದನ್ನು ಹುಟ್ಟಿಸಿಕೊಳ್ಳಲು ಅವನಿಗೆ ಕಾರಣವಿರಲಿಲ್ಲ, ನನಗೆ ಬೇಕಾದಷ್ಟಿತ್ತು. ಹೌದೇನೋ, ಮರೆತಿದ್ದೆ ಅಂದೆ. ಅವನ ಹಿಂದೆ ಪಾತ್ರೆಗಳ ಸದ್ದು, ಯಾರೋ ಊಟಕ್ಕೆ ಕರೆಯುವ ಸದ್ದು ಕೇಳುತ್ತಿತ್ತು. ಫೋನ್ ಇಡುತ್ತಾನೆ ಅಂದುಕೊಂಡೆ.

“ಈಗ ಎಷ್ಟ್ ತೋರಿಸ್ತಾ ಇದೆ ಸಾರ್?” ಎಂದು ಕೇಳಿದ.

ಬಗ್ಗಿ ನೋಡಿ, ನಲವತ್ತೊಂದು ಅಂದೆ.

“ಆರಾಮಾಗಿದೆ ಬಿಡಿ,” ಅಂದ. ದೀಪಾವಳಿ ಆದಮೇಲೆ ಬರುತ್ತೇನೆಂದು ಹೇಳಿ ಊಟಕ್ಕೆ ಹೋದ.

ಅವನು ಫೋನ್ ಇಟ್ಟ ಮೇಲೆ ಅದು ಮೂವತ್ತೊಂಬತ್ತಕ್ಕೆ ಇಳಿಯಿತು. ಅಷ್ಟನ್ನು ಹೇಳಲು ಮತ್ತೆ ಫೋನ್ ಮಾಡುವುದು ಚೆನ್ನಾಗಿ ಕಾಣುವುದಿಲ್ಲ ಎನಿಸಿ, ಸುಮ್ಮನೆ ನೋಡುತ್ತ ಕುಳಿತೆ.