ಕುಲುಕದಂತೆ ಕುದ್ರುವಿಗೆ

ಮಂಗಳೂರಿನ ಆಸ್ಪತ್ರೆಯಿಂದ ನಾವು ಹೊರಟದ್ದು ಶುಕ್ರವಾರ ಬೆಳಿಗ್ಗೆ. ನಾವು ಅಂದರೆ ನಾನು ಮತ್ತು ನನ್ನನ್ನು ಸಾಕಿದ ದೊಡ್ಡಮ್ಮ. ಅವರ ಎಡಗಣ್ಣು ಹೋಗಿ ವರ್ಷಗಳೇ ಆಗಿದ್ದವು. ಉಳಿದ ಬಲಗಣ್ಣಿನ ಪೊರೆ ತೆಗೆಸಿ, ಎರಡೂ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಹನ್ನೆರಡು ದಿನ ಅಂಗಾತ ಮಲಗಿದ್ದರು. ಡಾಕ್ಟರು ನನ್ನನ್ನು ಬದಿಗೆ ಕರೆದು, "ತಲೆ ಕುಲುಕಿದರೆ ಗಾಯ ಬಿಚ್ಚೀತು. ಮತ್ತೆ ನನ್ನ ಕೈಯಲ್ಲಿ ಎಂತದೂ ಇಲ್ಲ. ನಿಧಾನ ಕರಕೊಂಡು ಹೋಗಿ" ಎಂದರು. ನಾನು ಎಲಿಮೆಂಟರಿ ಶಾಲೆಯಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ನಿಧಾನ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಆಗ ಇತ್ತು.

ಕುಂಬಳೆಗೆ ಮೂರನೇ ತರಗತಿಯ ಟಿಕೆಟು ತಲೆಗೆ ಹನ್ನೊಂದು ಆಣೆ. ದೊಡ್ಡಮ್ಮನ ತಲೆಯನ್ನು ದಿಂಬು ಸಮೇತ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಉಳ್ಳಾಲ ದಾಟಿದ ಮೇಲೆ ರೈಲು ಓಡತೊಡಗಿತು. ಭಯವನ್ನು ಮರೆಯಲು ಕೈಗಡಿಯಾರ ಹಿಡಿದು ಹಳಿಯ ಬದಿಯ ಮೈಲಿಗಲ್ಲುಗಳನ್ನು ನೋಡಿದೆ. ಎರಡು ನಿಮಿಷಕ್ಕೊಂದು ಮೈಲಿ! ದಿಂಬನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಆದರೆ ದೊಡ್ಡಮ್ಮ ಆರಾಮವಾಗಿದ್ದರು.

"ತೊಟ್ಟಿಲಿನ ಹಾಗೆ ಉಂಟು ಮಗಾ" ಎಂದರು. ಮನೆಯಲ್ಲಿ ನಮ್ಮ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಂಜೇಶ್ವರ ಹತ್ತಿರವಾದಾಗ ಕಿಟಕಿಯಲ್ಲಿ ಇನ್ನೂ ಏನೂ ಕಂಡಿರಲಿಲ್ಲ. ಅಷ್ಟರಲ್ಲೇ ಅವರು ನನ್ನ ಕೈ ಗಟ್ಟಿ ಹಿಡಿದರು. "ಸ್ಟೇಷನ್ ಬಂತಲ್ವಾ? ಯಾರೋ ದೂಡಿದ ಹಾಗೆ ಆಯಿತು." ಹೊರಡುವಾಗಲೂ ಹಾಗೆಯೇ, ನಿಲ್ಲುವಾಗಲೂ ಹಾಗೆಯೇ. ನಡುವೆ ರೈಲು ಎಷ್ಟೇ ಜೋರಾಗಿ ಓಡಿದರೂ ಅವರಿಗೆ ಅದರ ಪರಿವೆ ಇರಲಿಲ್ಲ. ಇದು ನನಗೆ ಸೋಜಿಗವೆನಿಸಿತು. ಆದರೆ ಅದರಿಂದ ಕಲಿಯುವಷ್ಟು ಬುದ್ಧಿ ಆಗ ಓಡಲಿಲ್ಲ.

ಕುಂಬಳೆಯಲ್ಲಿ ಇಳಿದಾಗ ಹತ್ತೂವರೆ. ಮಳೆ ಬಿಟ್ಟು ಹದಿನೈದು ದಿನವಾಗಿತ್ತು, ಬಿಸಿಲು ಚುರುಚುರು ಎನ್ನುತ್ತಿತ್ತು. ಚಹಾ ಕುಡಿದು ಎರಡೆರಡು ಗೋಳಿಬಜೆ ತಿಂದೆವು. ದೊಡ್ಡಮ್ಮನ ಮನೆ ಇರುವುದು ಶಿರಿಯ ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ, ಸುತ್ತ ನೀರು. ದೋಣಿಯ ಕಡವಿಗೆ ಎರಡು ಮೈಲಿ ಮಣ್ಣಿನ ದಾರಿ. ಬಾಡಿಗೆ ಕಾರೊಂದು ನಿಂತಿತ್ತು. ನಾನು ಅದನ್ನು ಬಿಟ್ಟು ಎತ್ತಿನಗಾಡಿ ಹಿಡಿದೆ. ಗಾಡಿಗಿಂತ ನಿಧಾನವಾದದ್ದು ಯಾವುದುಂಟು?

ಒಂದು ಮೈಲಿಗೆ ಅರ್ಧ ಗಂಟೆ ಹಿಡಿಯಿತು. ಗಾಡಿ ಹೆಜ್ಜೆಗೊಮ್ಮೆ ತಡೆದು, ಹೆಜ್ಜೆಗೊಮ್ಮೆ ಜಗ್ಗುತ್ತಿತ್ತು. ಒಂದು ಕಡೆ ಚಕ್ರ ಮುರಕಲ್ಲಿನ ಮೇಲೇರಿ ಧೊಪ್ಪನೆ ಬಿತ್ತು. "ಅಯ್ಯೋ, ಕಣ್ಣು!" ಎಂದು ದೊಡ್ಡಮ್ಮ ಕಿರುಚಿದರು. ಗಾಡಿ ನಿಲ್ಲಿಸಲು ಹೇಳಿ ಬಗ್ಗಿ ನೋಡಿದೆ. ಕಟ್ಟಿದ ಬಟ್ಟೆಯಲ್ಲಿ ರಕ್ತ ಕಾಣಲಿಲ್ಲ, ಆದರೆ ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು? ಗಾಡಿಯವನ ಮೇಲೆ ರೇಗಿದೆ.

"ನಿಧಾನವೇ ಹೋದದ್ದಲ್ವಾ ಮಾಷ್ಟ್ರೇ? ಇದಕ್ಕಿಂತ ನಿಧಾನ ನನ್ನ ಎತ್ತಿಗೆ ಬರುದಿಲ್ಲ" ಎಂದ ಅವನು. ಅವನದೇನು ತಪ್ಪು? ತಪ್ಪು ನನ್ನದು. ವರ್ಷವರ್ಷವೂ ಕರಿಹಲಗೆಯ ಮೇಲೆ ಜವ, ವೇಗ, ವೇಗೋತ್ಕರ್ಷ ಎಂದು ಬರೆಸಿ ಬಾಯಿಪಾಠ ಮಾಡಿಸಿದವನು ನಾನು. ಕಣ್ಣಿಗೆ ಶತ್ರು ಜವವಲ್ಲ, ಅದರ ಏರಿಳಿತ ಎಂದು ಹೊಳೆಯಲು ಮುರಕಲ್ಲೇ ಬೇಕಾಯಿತು.

ಗಾಡಿಯವನೇ ಹತ್ತಿರದ ಗದ್ದೆಯಿಂದ ಐತಪ್ಪಣ್ಣನನ್ನೂ ಅವನ ತಮ್ಮನನ್ನೂ ಕರೆತಂದ. ಊರಿನ ಬಸುರಿಯರನ್ನೂ ರೋಗಿಗಳನ್ನೂ ಹೊತ್ತು ಅಭ್ಯಾಸವಿದ್ದವರು. ದಪ್ಪ ಹಚ್ಚಡವನ್ನು ಬಿದಿರಿಗೆ ಕಟ್ಟಿ ಜೋಲಿ ಮಾಡಿ ದೊಡ್ಡಮ್ಮನನ್ನು ಮಲಗಿಸಿದರು. ನಾನು ಸುಮ್ಮನಿರಬೇಕೋ ಬೇಡವೋ? ಶಾಲೆಯ ಡ್ರಿಲ್ಲಿನಂತೆ, "ಇಬ್ಬರೂ ಒಟ್ಟಿಗೆ ಹೆಜ್ಜೆ ಹಾಕಿ, ಎಡ, ಬಲ" ಎಂದು ಶುರುಮಾಡಿದೆ.

ಐತಪ್ಪಣ್ಣ ನಕ್ಕ. "ಎಂತ ಮಾಷ್ಟ್ರೇ, ಹೆಜ್ಜೆ ಸೇರಿದ್ರೆ ಜೋಲಿ ಕುಣೀತದೆ. ನನ್ನ ಕಾಲು ಏಳುವಾಗ ಅವನದ್ದು ನೆಲದಲ್ಲಿ ಇರ್ಬೇಕು. ನೀವು ಹಿಂದಿನಿಂದ ಬನ್ನಿ."

ಬಂದೆ, ಓಡಿಕೊಂಡು. ಅವರು ಕುಪ್ಪಳಿಸುವಂತೆ ಬಿರಬಿರನೆ ನಡೆದರು. ಬಿದಿರು ಮಾತ್ರ ನೇರ ಗೆರೆ ಎಳೆದಂತೆ ತೇಲಿ ಹೋಯಿತು. ಉಳಿದ ಮೈಲಿ ಕಾಲು ಗಂಟೆಯಲ್ಲಿ ಮುಗಿಯಿತು, ಗಾಡಿ ತಿಂದ ಹೊತ್ತಿನಲ್ಲಿ ಅರ್ಧ. ಕಡವು ಕಣ್ಣಿಗೆ ಕಾಣುವಾಗ ಜೋಲಿಯೊಳಗಿಂದ ಸ್ವರ ಬಂತು: "ಐತಪ್ಪಾ, ಹೊರಡುದು ಯಾವಾಗ ಮಾರಾಯ?"

ಮಧ್ಯಾಹ್ನ ಕಡಲು ಉಬ್ಬಿ ಹೊಳೆ ನಿಂತ ನೀರಾಗಿತ್ತು. ದೋಣಿಯಲ್ಲಿ ಸುಖವಾಗಿ ದಾಟಿ ಮನೆ ಸೇರಿದೆವು.

ಡಾಕ್ಟರು ಹೇಳಿದ್ದಂತೆ ನಾಲ್ಕನೆಯ ದಿನ ಬೆಳಿಗ್ಗೆ ನಾನೇ ಬಟ್ಟೆ ಬಿಚ್ಚಿದೆ. ದೊಡ್ಡಮ್ಮ ರೆಪ್ಪೆ ತೆರೆದು, ನೀರು ಒರೆಸಿಕೊಂಡು, ಬಾಗಿಲಿನತ್ತ ಮುಖ ತಿರುಗಿಸಿದರು. "ಎಂತ ಕಾಣ್ತದೆ?" ಎಂದು ಕೇಳಿದೆ.

"ಬೆಳಕು ಉಂಟು. ಉಳಿದದ್ದು ಮೆಲ್ಲ ಬರಲಿ."

ಬೆಳಕು ಪೊರೆಯಿದ್ದಾಗಲೂ ಅವರಿಗೆ ಕಾಣುತ್ತಿತ್ತು. ಗಾಡಿ ಹತ್ತಿಸಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಮರುದಿನ ಶಾಲೆ ತೆರೆಯುವುದಿತ್ತು, ಅಂದು ಸಂಜೆಯೇ ಹೊರಡದೆ ಉಪಾಯವಿರಲಿಲ್ಲ. ಅವರು ಕೋಲೂರಿಕೊಂಡು ನೀರಿನ ಬದಿಯವರೆಗೆ ಬಂದರು. ನನ್ನತ್ತ ಕೈ ಬೀಸಲಿಲ್ಲ, ಸುಮ್ಮನೆ ನಿಂತರು.

ಈಗ ಇಳಿತದ ಹೊತ್ತು, ನೀರು ಕಡಲಿನತ್ತ ಜೋರಾಗಿ ಎಳೆಯುತ್ತಿತ್ತು. ದೋಣಿಯ ಮಮ್ಮದೆ ಎದುರಿನ ಕಡವನ್ನು ಬಿಟ್ಟು, ಅದಕ್ಕಿಂತ ಹೊಳೆಯ ಮೇಲ್ಗಡೆ ಇದ್ದ ಒಂದು ಹೊನ್ನೆಮರದ ಕಡೆ ಮುಖ ಮಾಡಿ ಹುಟ್ಟು ಹಾಕಿದ.

"ಅಲ್ಲಿಗೆ ಎಂತಕ್ಕೆ ಹೋಗುದು?" ಎಂದೆ.

"ಹೋಗುದು ಕಡವಿಗೇ. ನೋಡುದು ಮರವನ್ನು. ನಾನೊಂದು ಕಡೆ ಎಳೀತೇನೆ, ಹೊಳೆ ಒಂದು ಕಡೆ ಎಳೀತದೆ, ಎರಡೂ ಸೇರಿ ಕಡವು."

ಎಷ್ಟು ಬೇಗ ಎಂಬುದು ಮಾತ್ರವಲ್ಲ, ಯಾವ ಕಡೆಗೆ ಎಂಬುದೂ ಸೇರಿದರೇ ವೇಗ. ಪುಸ್ತಕದ ಆ ಸಾಲು ಇಲ್ಲಿ ಹುಟ್ಟು ಹಿಡಿದು ಕೂತಿತ್ತು. ನನಗೆ ಕುತೂಹಲ ತಡೆಯಲಿಲ್ಲ. ಮಳೆಗಾಲದಲ್ಲಿ ಯಾವ ಮರ, ಗಾಳಿ ಬಂದರೆ ಹೇಗೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಉತ್ತರ ಹೇಳುವ ಉತ್ಸಾಹದಲ್ಲಿ ಮಮ್ಮದೆ ನನ್ನತ್ತ ತಿರುಗಿದ.

ಆಗ ಹಿಂದಿನ ದಡದಿಂದ ಕೂಗು ಕೇಳಿತು.

"ಮಮ್ಮದೇ! ಮೂತಿ ಮೇಲೆ ಹಿಡಿ ಮಾರಾಯ! ದೋಣಿ ಕೆಳಗೆ ಹೋಗ್ತಾ ಉಂಟು!"

ಮಮ್ಮದೆ ಬೆಚ್ಚಿಬಿದ್ದು ಮೂತಿಯನ್ನು ಮರದತ್ತ ತಿರುಗಿಸಿದ. ಆಮೇಲೆ ನನ್ನ ಮುಖ ನೋಡಿ, "ಮಾಷ್ಟ್ರೇ, ಅಮ್ಮನಿಗೆ ಕಾಣ್ತದೆ!" ಎಂದ. ಖುಷಿಯಲ್ಲಿ ದೋಣಿ ಎಂಬುದನ್ನೂ ಮರೆತು ಎದ್ದು ನಿಂತೆ.

"ಕೂತ್ಕೊಳ್ಳೋ ಮಂಕೇ!" ಎಂದು ದಡದಿಂದ ಇನ್ನೊಂದು ಕೂಗು ಬಂತು.