ಸಿದ್ದಾಪುರದಲ್ಲಿ ಬೆವರಿದ ತುಳಸಿ

ಸಿದ್ದಾಪುರಕ್ಕೆ ಬಂದ ಇಪ್ಪತ್ತನೆಯ ದಿನ ನನ್ನ ಚಪ್ಪಲಿಗೆ ಗಡ್ಡ ಬಂತು. ಬಾಗಿಲ ಹಿಂದೆ ಬಿಟ್ಟಿದ್ದ ಚರ್ಮದ ಜೋಡನ್ನು ವಾರದ ನಂತರ ಎತ್ತಿ ನೋಡಿದರೆ ಮೈತುಂಬ ಬೆಳ್ಳಗೆ ನವಿರು ರೋಮ. ಇಂಡಿ ತಾಲೂಕಿನ ನಮ್ಮೂರಲ್ಲಿ ಚರ್ಮ ಬಿರಿಯುತ್ತದೆ, ಸೀಳುತ್ತದೆ. ಚಿಗುರಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಅಡುಗೆಮನೆಯಲ್ಲಿ ಉಪ್ಪು ನೀರಾಗಿತ್ತು. ಬೆಂಕಿಕಡ್ಡಿ ಗೀರಿದರೆ ಕಿಡಿಯೇ ಹಾರುತ್ತಿರಲಿಲ್ಲ. ವರ್ಗದ ಆದೇಶ ಹಿಡಿದುಕೊಂಡು ಇಲ್ಲಿನ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಒಬ್ಬಳೇ ಬಂದವಳು ನಾನು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ.

ಪೇಟೆಯ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲಿನ ಎರಡು ಕೋಣೆ ನನ್ನವು. ಕೆಳಗೆ ಮನೆಯೊಡತಿ ಗಂಗಕ್ಕ. ಅರವತ್ತು ದಾಟಿದವರು, ತವರು ದೊಡ್ಮನೆ ಎಂಬ ಹಳ್ಳಿ, ಗಟ್ಟಿ ಕೈಕಾಲು, ಮಳೆಗಾಲದಲ್ಲಿ ಮಾತ್ರ ಬಿಡದ ಕೆಮ್ಮು. ಈ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ. ಗಂಗಕ್ಕನಿಗೆ ನಾನು ಮೊದಲ ದಿನದಿಂದ ಅಕ್ಕೋರೇ. ದಿನಾ ಸಂಜೆ ಒಂದು ಬಟ್ಟಲು ತಂಬುಳಿ ಮೇಲೆ ಬರುತ್ತಿತ್ತು. ತಂಬುಳಿ ಎಂದರೆ ಚಿಗುರನ್ನೋ ಸೊಪ್ಪನ್ನೋ ಹುರಿದು, ಕಾಯಿ ಸೇರಿಸಿ ಅರೆದು, ಮಜ್ಜಿಗೆಯಲ್ಲಿ ಕಲಸಿದ ತಣ್ಣನೆಯ ಪದಾರ್ಥ. ರೊಟ್ಟಿ, ಖಾರಬ್ಯಾಳಿ ಉಂಡ ನಾಲಿಗೆಗೆ ಅದು ಮೊದಮೊದಲು ಔಷಧಿ ಕುಡಿದಂತಾಗುತ್ತಿತ್ತು. ಆದರೂ ಖಾಲಿ ಬಟ್ಟಲು ಇಳಿಸುವಾಗೆಲ್ಲ ಇವರಿಗೆ ನಾನೇನು ಕೊಟ್ಟೇನು ಎಂಬ ಕೊರಗು ಇದ್ದೇ ಇತ್ತು.

ಮಳೆ ಹಿಂದಾಗಿ ನಾಲ್ಕು ಬಿಸಿಲು ಬಿದ್ದಾಗ ಉಪಾಯ ಹೊಳೆಯಿತು. ಹಿತ್ತಲಲ್ಲಿ ತುಳಸಿ, ಪುದೀನ ಸೊಕ್ಕಿ ಬೆಳೆದಿದ್ದವು. ನಮ್ಮವ್ವ ಮಾಳಿಗೆಯ ಮೇಲೆ ಇಂಥದನ್ನೆಲ್ಲ ಎರಡೇ ದಿನದಲ್ಲಿ ಒಣಗಿಸಿ, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಗೂಟಕ್ಕೆ ತೂಗುಹಾಕುತ್ತಾಳೆ. ವರ್ಷವಾದರೂ ಗರಿಗರಿ. ನಾನೂ ಕಾಂಪೌಂಡ್ ಗೋಡೆಯ ಮೇಲೆ ಎರಡು ದಿನ ಹರವಿದೆ. ಇಲ್ಲಿನ ಹಸಿ ನನಗೂ ಗೊತ್ತಾಗಿತ್ತಲ್ಲ, ಬಟ್ಟೆಗಂಟಿನ ಬದಲು ಪ್ಲಾಸ್ಟಿಕ್ ಡಬ್ಬಿಗೆ ತುರುಕಿ ಮುಚ್ಚಳ ಬಿಗಿದೆ. ಹೊರಗಿನ ಹಸಿ ಒಳಗೆ ಹೋಗಬಾರದು, ಅಷ್ಟೇ ನನ್ನ ಲೆಕ್ಕ. ಅರ್ಧವನ್ನು ಸ್ಟೀಲ್ ಡಬ್ಬಿಗೆ ಹಾಕಿ ಗಂಗಕ್ಕನಿಗೆ ಕೊಟ್ಟೆ.

“ಕೆಮ್ಮಿಗೆ ಕಷಾಯ ಮಾಡಿಕೊಳ್ರಿ. ನಮ್ಮವ್ವನ ಪದ್ಧತಿ.”

ಅವರು ಮುಚ್ಚಳ ತೆಗೆದು ಒಂದೆಲೆ ಬೆರಳಲ್ಲಿ ಹಿಡಿದು ನೋಡಿದರು. “ಅಡ್ಡಿಲ್ಲೆ ಅಕ್ಕೋರೇ, ಇಡಿ,” ಎಂದರು.

ಅಡ್ಡಿಲ್ಲೆ ಎಂದರೆ ಪರವಾಗಿಲ್ಲ, ಒಳ್ಳೆಯದೇ, ಆಗಲಿ. ನಾನು ಹಿಗ್ಗಿ ಹೀರೇಕಾಯಿಯಾದೆ.

ಮೂರು ವಾರದ ಮೇಲೆ ಒಂದು ಶನಿವಾರ ಶಾಲೆಯಿಂದ ಬಂದವಳೇ ನನ್ನ ಡಬ್ಬಿ ತೆರೆದೆ. ಮುಚ್ಚಳದ ಒಳಮೈಯಲ್ಲಿ ನೀರಿನ ಹನಿ. ಎಲೆಗಳ ನಡುವೆ ಜೇಡನ ಬಲೆಯಂಥ ಬಿಳಿ ಎಳೆ, ಅಲ್ಲಲ್ಲಿ ಹಸಿರು ಪುಡಿ, ಒದ್ದೆ ಗೋಣಿಚೀಲದ ವಾಸನೆ. ಹಸಿ ಹೊರಗಿನಿಂದ ಬಂದದ್ದಲ್ಲ, ಎಲೆಯೊಳಗೆ ಉಳಿದಿದ್ದನ್ನು ನಾನೇ ಕೂಡಿಹಾಕಿ ಬೀಗ ಜಡಿದಿದ್ದೆ. ವರ್ಷಾ ವರ್ಷ ಮಕ್ಕಳಿಗೆ ಬಾಷ್ಪೀಕರಣದ ಪಾಠ ಹೇಳುವವಳ ಜಾಣತನ ಇದು! ಮರುಕ್ಷಣವೇ ಗಂಗಕ್ಕನಿಗೆ ಕೊಟ್ಟ ಇನ್ನರ್ಧ ನೆನಪಾಯಿತು.

ಓಡಿ ಕೆಳಗಿಳಿದರೆ ಗಂಗಕ್ಕನ ಬಾಗಿಲಿಗೆ ಬೀಗ. ಪಕ್ಕದ ಮನೆಯವರನ್ನು ಕೇಳಿದೆ.

“ಬೆಳಿಗ್ಗೇನೇ ಶಿರಸಿಗೆ ಹೋದ್ರಪ್ಪ. ಡಾಕ್ಟ್ರ ಹತ್ರ ಅಂದಿದ್ರು,” ಎಂದರು.

ಗಂಗಕ್ಕ ಮೊಬೈಲನ್ನು ಎಂದಿನಂತೆ ಮನೆಯಲ್ಲೇ ಬಿಟ್ಟು ಹೋಗಿದ್ದರು. ನಾನು ಫೋನ್ ಮಾಡಿದಾಗೆಲ್ಲ ಅದು ಬೀಗದ ಹಿಂದೆ ಬಡಿದುಕೊಳ್ಳುತ್ತಿತ್ತು. ಮೆಟ್ಟಿಲ ಮೇಲೆ ಕುಳಿತೆ. ಬೂಸ್ಟು ಹಿಡಿದ ಎಲೆ, ವಯಸ್ಸಾದ ಜೀವ, ಮೊದಲೇ ಕೆಮ್ಮು. ಊಟ ನೆನಪಾಗಲಿಲ್ಲ. ಪರವೂರಲ್ಲಿ ನನಗೆ ಅನ್ನ ಹಾಕಿದ ಒಬ್ಬ ಹೆಂಗಸಿಗೆ ನಾನು ಇಂಥದ್ದು ಕುಡಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಾಲ್ಕು ಗಂಟೆಯ ಹೊತ್ತಿಗೆ ಓಣಿಯ ತುದಿಯಲ್ಲಿ ಗಂಗಕ್ಕ ಕಂಡರು. ಕೈಯಲ್ಲಿ ಚೀಲ, ಮೂಗಿನ ಮೇಲೆ ಹೊಸ ಕನ್ನಡಕ.

“ಎಂತ ಅಕ್ಕೋರೇ, ಮೆಟ್ಲ ಮೇಲೆ ಕೂತ್ಗಂಡಿದ್ರಿ? ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ. ಹೆಂಗಿದ್ದು ಕನ್ನಡಕ?”

“ಕಷಾಯ ಕುಡದೀರೇನ್ರಿ? ನಾ ಕೊಟ್ಟ ತುಳಸೀದು?”

ಅವರ ಮುಖ ಸಣ್ಣದಾಯಿತು. ಬೀಗ ತೆಗೆದರು, ಚೀಲ ಇಟ್ಟರು, ನೀರು ಕುಡಿದರು. ಆಮೇಲೆ ಮೆಲ್ಲಗೆ, “ಆನು ಕುಡದ್ನಿಲ್ಲೆ,” ಎಂದರು. ಕುಡಿದೇ ಇರಲಿಲ್ಲ! ಎಲೆ ಮುರಿಯದೆ ಬಾಗಿದ್ದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಮರುದಿನವೇ ಅದನ್ನು ಗೊಬ್ಬರಗುಂಡಿಗೆ ಹಾಕಿ, ಡಬ್ಬಿ ತೊಳೆದಿಟ್ಟಿದ್ದರು. ಹೋದ ಜೀವ ಬಂದಂತಾಯಿತು. ಬಂದ ಜೀವದ ಹಿಂದೆಯೇ ಸಿಟ್ಟೂ ಬಂತು.

“ಅಲ್ರೀ, ಅವತ್ತ ಯಾಕ ಹೇಳಲಿಲ್ಲ? ನಾ ಕುಡದಿದ್ರ ಏನ ಗತಿ?”

“ಪ್ರೀತಿಂದ ಕೊಟ್ಟಿದ್ರಿ. ಬ್ಯಾಡ ಹೇಳಿ ಹೆಂಗೆ ಹೇಳದು?” ಎಂದವರು, ನಾನೂ ಕುಡಿಯಬಹುದಿತ್ತು ಎಂಬುದು ಆಗಷ್ಟೇ ತಲೆಗೆ ಹೋಗಿ ಧೊಪ್ಪನೆ ಕುಳಿತರು. “ತಪ್ಪಾತು. ಎನಗೆ ಅದು ಹೊಳದ್ದೇ ಇಲ್ಲೆ.” ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಆದರೆ ನನಗೆ ನಗು ಬರುತ್ತಿತ್ತು.

ನಮ್ಮಲ್ಲಿ ಬಾಯಿ ಖಾರ. ಬೇಡದ್ದನ್ನು ಮುಖಕ್ಕೇ ಹೇಳಿ, ಮತ್ತೆ ಜೊತೆಗೇ ಕುಳಿತು ಉಣ್ಣುತ್ತೇವೆ. ಇಲ್ಲಿ ಬಂದವರ ಮನಸ್ಸು ಮುರಿಯಬಾರದು. ಅವತ್ತು ನಾವಿಬ್ಬರೂ ಮಾತು ಮಾಡಿಕೊಂಡೆವು: ಊರ ಪದ್ಧತಿ ಊರಿಗಿರಲಿ, ತಿನ್ನುವ ಕುಡಿಯುವ ವಿಷಯದಲ್ಲಿ ಅಡ್ಡಿಲ್ಲೆ ಎನ್ನುವಂತಿಲ್ಲ.

ಮರುದಿನದಿಂದ ಪಾಠ ಶುರುವಾಯಿತು. ಸೊಪ್ಪನ್ನು ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ಹಾಳು ಎಲೆ ಆರಿಸಿ, ತೊಳೆದರೆ ನೀರು ಪೂರ್ತಿ ಬಸಿದು, ಗೆರಸಿಯಲ್ಲಿ ತೆಳ್ಳಗೆ ಹರವಬೇಕು. ಗೆರಸಿ ಎಂದರೆ ನಮ್ಮ ಮೊರ. ಬಿಸಿಲಿಗಲ್ಲ, ಗಾಳಿಯಾಡುವ ನೆರಳಿಗೆ. ಮೋಡವಿದ್ದರೆ ಕೋಣೆಯೊಳಗೆ ಫ್ಯಾನಿನ ಕೆಳಗೆ. “ಮುರದ್ರೆ ಚಟ್ ಹೇಳಿ ಸಪ್ಪಳ ಬರವು,” ಎನ್ನುವರು. ಬರವು ಎಂದರೆ ಬರಲೇಬೇಕು, ಎಲೆಗೂ ಕಡ್ಡಿಗೂ. ಆಮೇಲೆ ಒಣ ಗಾಜಿನ ಬಾಟಲಿಗೆ ತುಂಬಿ ಒಂದು ವಾರ ದಿನಾ ನೋಡಬೇಕು. ಗಾಜು ಬೆವರಿದರೆ ತಕ್ಷಣ ತೆಗೆದು ಮತ್ತೆ ಒಣಗಿಸಬೇಕು. ಬೂಸ್ಟು ಕಂಡರೆ ಆರಿಸುತ್ತ ಕೂರದೆ ಅಷ್ಟನ್ನೂ ಎಸೆಯಬೇಕು. ಬೆಳಕಿಗೂ ಒಲೆಗೂ ದೂರವಿಡುವುದು, ಹೆಸರು, ತಿಂಗಳು ಬರೆದು ಅಂಟಿಸುವುದು. ಈ ಚೀಟಿ ಮಾತ್ರ ನನ್ನ ಕಾಣಿಕೆ. ಒಣಗಿದ ಮೇಲೆ ಎಲ್ಲ ಸೊಪ್ಪೂ ಒಂದೇ ಥರ ಕಾಣುತ್ತದೆ.

ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ. ನಮ್ಮೂರಲ್ಲಿ ಬಿಸಿಲು ಬೇಕಾದಷ್ಟು, ಹಸಿರಿಗೆ ಬರ. ಇಲ್ಲಿ ಕಾಲಿಟ್ಟಲ್ಲೆಲ್ಲ ಸೊಪ್ಪು, ಬಿಸಿಲಿಗೆ ಕಾಯಬೇಕು. ನನ್ನ ಮೊದಲ ಬಾಟಲಿ ಏಳು ದಿನ ಕಳೆದರೂ ಬೆವರಲಿಲ್ಲ. ಆ ದಿನ ಶಾಲೆಗೆ ಹಾಡಿಕೊಳ್ಳುತ್ತ ಹೋದೆ.

ಬೇಸಿಗೆ ರಜೆಯಲ್ಲಿ ಅದನ್ನೇ ಅವ್ವನಿಗೆ ಒಯ್ದೆ. “ಗಾಜಿನ ಬಾಟ್ಲ್ಯಾಗ ತುಳಸಿ! ಅತ್ತರ ಮಾರಾಕ ಹೊಂಟೀಯೇನ?” ಎಂದು ನಕ್ಕಳು. ಅವಳು ಗೂಟದ ಗಂಟು ಬಿಚ್ಚಿದಾಗ ನಾನು ಎಲೆ ಮುರಿದು ಕಿವಿಗೊಟ್ಟೆ, ಚಟ್ ಎಂದಿತು. “ನಮ್ಮ ಬಿಸಲಾಗ ಮನಷ್ಯಾರು ಬೆವರತಾರ, ಸೊಪ್ಪಲ್ಲ,” ಎಂದು ಬೈದು, ಅದೇ ಗಂಟನ್ನು ನನ್ನ ಬ್ಯಾಗಿಗೆ ಹಾಕಿದಳು. “ನಿಮ್ಮ ಗಂಗಕ್ಕಗ ಕೊಡು. ನಮ್ಮ ಬಿಸಲಿನ ರುಚಿ ನೋಡ್ಲಿ.”

ನಾನು ಮರಳುವಷ್ಟರಲ್ಲಿ ಸಿದ್ದಾಪುರದಲ್ಲಿ ಮಳೆ ಹಿಡಿದಿತ್ತು. ಬ್ಯಾಗಿನಲ್ಲಿ ಎರಡು ದಿನ ಮರೆತಿದ್ದ ಗಂಟನ್ನು ಕೊಟ್ಟಾಗ ಗಂಗಕ್ಕ ಒಂದೆಲೆ ಹಿಡಿದರು. ಅದು ಬಾಗಿತು.

“ಇದು ಆಗ್ತಿಲ್ಲೆ ತಂಗೀ. ಹಸಿ ಎಳಕಂಜು. ಕುಡಿಯಡ,” ಎಂದರು ಮುಖಕ್ಕೇ. ಎರಡೇ ದಿನದಲ್ಲಿ ಬಟ್ಟೆಗಂಟು ಇಲ್ಲಿನ ಹಸಿ ಎಳೆದುಕೊಂಡಿತ್ತು.

ಕುಡಿಯಬೇಡ ಎಂದದ್ದು ಅವ್ವನ ಸೊಪ್ಪನ್ನು, ಅದಕ್ಕೆ ನೋವಾಯಿತು. ಅಕ್ಕೋರೇ ಬಿಟ್ಟು ತಂಗೀ ಎಂದದ್ದು ನನ್ನನ್ನು; ವರ್ಷದಿಂದ ಹೊತ್ತಿದ್ದ ಹೊರಗಿನವಳೆಂಬ ಭಾರ ಇಳಿಯಿತು. ಎರಡೂ ಒಟ್ಟಿಗೇ ಆಯಿತು.

ಸಂಜೆ ಅವ್ವನ ಫೋನ್ ಬಂತು. “ತುಳಸಿ ಕೊಟ್ಟಿ? ಏನಂದ್ರ?”

“ಅಡ್ಡಿಲ್ಲೆ ಅಂದ್ರವ್ವಾ.”

“ಹಂಗಂದ್ರ?”

“ಭಾಳ ಚೊಲೊ ಐತಿ ಅಂತ,” ಎಂದೆ.