ಸಂಗಮಕ್ಕೆ ಹೊರಟು ಹಾರೋಹಳ್ಳಿಯಿಂದ ಹಿಂತಿರುಗಿದ್ದು

ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ನಾನೂ ನನ್ನ ತಮ್ಮ ರಮೇಶನೂ ಬನಶಂಕರಿ ಎರಡನೇ ಹಂತದ ನಮ್ಮ ಬಾಡಿಗೆ ಮನೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಕಾವೇರಿ ದಡದ ಸಂಗಮಕ್ಕೆ ಹೊರಟೆವು. ಅದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ದಾರಿ ಸುಮಾರು ತೊಂಬತ್ತು ಕಿಲೋಮೀಟರ್. ಚಿತ್ರಾನ್ನದ ಡಬ್ಬಿ ನನ್ನ ತೊಡೆಯ ಮೇಲಿತ್ತು. ನಾನು ಓದಿದ್ದು ಆರನೇ ಕ್ಲಾಸು, ಕೆಲಸ ಮನೆಯಲ್ಲೇ ರವಿಕೆ ಹೊಲಿಯುವುದು. ದಾರ ತರಲು ಜಯನಗರ ಫೋರ್ತ್ ಬ್ಲಾಕಿಗೆ ಹೋಗುವುದೇ ನನಗೆ ದೂರದ ಪ್ರಯಾಣ. ನಲ್ಲಿಯಲ್ಲಿ ಬರುವುದನ್ನು ಬಿಟ್ಟರೆ ಮೂವತ್ತು ವರ್ಷವಾದರೂ ಕಾವೇರಿಯನ್ನು ನೋಡಿರಲಿಲ್ಲ.

ಹಿಂದಿನ ದಿನ ನಡೆದದ್ದನ್ನು ಮೊದಲು ಹೇಳಬೇಕು. ಶನಿವಾರ ಮಧ್ಯಾಹ್ನ ರಮೇಶ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಮುಂದಿನ ಚಕ್ರಕ್ಕೆ ಹೊಸ ಟೈರ್ ಹಾಕಲು ಕುಳಿತ. ಟೈರಿನ ಅಂಚನ್ನು ಮೀಟಿ ರಿಮ್ಮಿನೊಳಗೆ ಕೂರಿಸಲು ಮೂರು ಕಬ್ಬಿಣದ ಪಟ್ಟಿ ಬೇಕು. ಅವನ ಬಳಿ ಇದ್ದದ್ದು ಎರಡೇ. ಮೂರನೆಯದಕ್ಕೆ ನಾನು ಅಡುಗೆಮನೆಯಿಂದ ದೋಸೆ ಮಗುಚುವ ಕೈಯನ್ನು ತಂದೆ. ಅದರ ಹಿಡಿಯ ತುದಿಯಿಂದ ನಾನು ಒಂದು ಕಡೆ ಅಂಚನ್ನು ಒತ್ತಿ ಹಿಡಿಯುತ್ತಿದ್ದೆ, ಅವನು ಇನ್ನೊಂದು ಕಡೆಯಿಂದ ಸೋಪಿನ ನೀರು ಸವರುತ್ತ ಎಬ್ಬಿಸುತ್ತಿದ್ದ. ಎದುರುಮನೆಯ ಶಾಮಣ್ಣನವರು ಗೇಟಿಗೆ ಒರಗಿ ನಿಂತು, “ಏನ್ ರಮೇಶ, ಟೈರ್ ಹಾಕ್ತಿದ್ಯೋ ದೋಸೆ ಹಾಕ್ತಿದ್ಯೋ?” ಎಂದು ಕಾಲೆಳೆದರು. “ನಿಮ್ ಸ್ಕೂಟರ್ ತನ್ನಿ ಅಂಕಲ್, ಅದಕ್ಕೂ ಒಂದು ಹಾಕ್ಕೊಡ್ತೀನಿ,” ಎಂದ ಇವನು.

ಮೂರು ಗಂಟೆ ಹಿಡಿಯಿತು. ಅವನ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಗಾಳಿ ತುಂಬಿ ಚಕ್ರ ಸುತ್ತಿಸಿದಾಗ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ.

ಸಂಜೆ ಮಗುಚುವ ಕೈಯನ್ನು ತೊಳೆದು ಮೊಳೆಗೆ ತಗುಲಿಸಲು ಹೋದರೆ ತಗುಲಿಸುವ ತೂತೇ ಇರಲಿಲ್ಲ. ಹಿಡಿಯ ತುದಿ ಅಲ್ಲಿಗೇ ಮುರಿದಿತ್ತು. ಅಂಗಳವನ್ನು ಎರಡು ಸಲ ಗುಡಿಸಿದೆ. ತುಂಡು ಸಿಗಲಿಲ್ಲ. ಎಲ್ಲಿದೆಯೆಂದು ನನಗೆ ಗೊತ್ತಾಗಿತ್ತು. ಹೇಳಿದರೆ ಅವನು ಎಲ್ಲವನ್ನೂ ಮತ್ತೆ ಬಿಚ್ಚುತ್ತಾನೆ, ನಾಳೆಯ ಪ್ರಯಾಣ ನಿಂತುಹೋಗುತ್ತದೆ. ಹೊಳೆ ನೋಡುವ ಆಸೆಗೆ ಬಾಯಿ ಮುಚ್ಚಿಕೊಂಡೆ.

ಭಾನುವಾರ ಸಾರಕ್ಕಿ ಗೇಟ್ ದಾಟಿದ ಮೇಲೆ ಊರು ತೆಳ್ಳಗಾಯಿತು. ಕೋಣನಕುಂಟೆ ಕ್ರಾಸಿನಿಂದಾಚೆ ರಾಗಿ ಹೊಲಗಳು, ಮಂಜು, ಮೂಗು ಕೊರೆಯುವ ಚಳಿ. ತಲಘಟ್ಟಪುರದಲ್ಲಿ ಹಾಲಿನ ಕ್ಯಾನ್ ಹೊತ್ತ ಸೈಕಲ್ಲುಗಳು ಸಾಲಾಗಿ ಎದುರು ಬಂದವು. ಪ್ರತಿ ಹೊಂಡಕ್ಕೂ ನಾನು ಮುಂದಿನ ಚಕ್ರದ ಕಡೆ ನೋಡುತ್ತಿದ್ದೆ.

ಕಗ್ಗಲೀಪುರದ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಚಟ್ನಿ ನೀರಾಗಿತ್ತು, ಆದರೆ ಬಿಸಿ ಕಾಫಿ ಜೀವ ತಂದಿತು. ಅಲ್ಲಿ ರಮೇಶ ಮನೆಯಲ್ಲಿ ಯಾರಿಗೂ ಹೇಳದ ವಿಷಯ ಹೇಳಿದ. ಆಫೀಸಿನ ಜವಾನನ ಕೆಲಸ ಬಿಟ್ಟು ಜೆ.ಪಿ. ನಗರದಲ್ಲಿ ಗ್ಯಾರೇಜ್ ಹಾಕುತ್ತಾನಂತೆ. “ಇಷ್ಟು ದಿನ ಧೈರ್ಯ ಇರ್ಲಿಲ್ಲ ಅಕ್ಕ. ನಿನ್ನೆ ಟೈರ್ ಹಾಕಿದ್ನಲ್ಲ, ಆಗ ಅನ್ನಿಸ್ತು, ನನ್ ಕೈಲೂ ಆಗುತ್ತೆ ಅಂತ.”

ಮುರಿದ ತುಂಡಿನ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಎದುರಿಗೇ ಪಂಕ್ಚರ್ ಅಂಗಡಿಯೂ ಇತ್ತು. ನಾನು ಇನ್ನೊಂದು ಕಾಫಿ ಕುಡಿಯುತ್ತೀಯಾ ಎಂದು ಕೇಳಿದೆ.

ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಹೋಗಿರಬಹುದು. ಇಳಿಜಾರಿನ ತಿರುವಿನಲ್ಲಿ ಗಾಡಿಯ ಹ್ಯಾಂಡಲ್ ಅದುರತೊಡಗಿತು. ಟೈರ್ ಒಡೆದರೆ ಢಮ್ಮೆನ್ನುತ್ತದೆ ಎಂದುಕೊಂಡಿದ್ದೆ. ಯಾವ ಸದ್ದೂ ಆಗಲಿಲ್ಲ. ಮರುಕ್ಷಣ ನಾನು ಹುಲ್ಲಿನ ಮೇಲೆ ಕುಳಿತಿದ್ದೆ, ಡಬ್ಬಿಯ ಮುಚ್ಚಳ ಕೂಡ ತೆರೆದಿರಲಿಲ್ಲ. ರಮೇಶ ರಸ್ತೆಯ ಮಧ್ಯದಲ್ಲಿ ಬಿದ್ದಿದ್ದ. ಅವನ ಬಲಗೈ ಮಣಿಕಟ್ಟಿನ ಹತ್ತಿರ ತಿರುಗಬಾರದ ಕಡೆಗೆ ತಿರುಗಿತ್ತು. ಅದನ್ನು ನೋಡುತ್ತ ಕುಳಿತೇ ಇದ್ದೆ. ಅವನೇ ಎಡಗೈ ಊರಿ ತಲೆ ಎತ್ತಿ, “ಅಕ್ಕ, ನಿಂಗೇನಾದ್ರೂ ಆಯ್ತಾ?” ಎಂದು ಕೇಳಿದ.

ತರಕಾರಿ ಲಾರಿಯವರು ನಮ್ಮನ್ನೂ ಗಾಡಿಯನ್ನೂ ಹತ್ತಿಸಿಕೊಂಡು ಹಾರೋಹಳ್ಳಿಗೆ ತಂದು ಬಿಟ್ಟರು. ಆಸ್ಪತ್ರೆಯಲ್ಲಿ ಅವನ ಕೈಗೆ ಪ್ಲಾಸ್ಟರ್ ಹಾಕುತ್ತಿದ್ದಾಗ ನಾನು ಎದುರಿನ ಪಂಕ್ಚರ್ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯ ಮುದುಕ ಟೈರ್ ಬಿಚ್ಚಿ ಒಳಗೆ ಕೈಯಾಡಿಸಿದ. ತೂತಿರುವ ಆ ಕಬ್ಬಿಣದ ತುಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ.

“ಯಾರಮ್ಮ ಈ ಟೈರ್ ಹಾಕಿದ್ದು?”

ನನ್ನ ತಮ್ಮ ಎಂದೆ.

“ಒಳ್ಳೆ ಕೈ ಅವನ್ದು. ಅಂಚು ಎಲ್ಲೂ ಎದ್ದಿಲ್ಲ, ಟ್ಯೂಬ್ ಎಲ್ಲೂ ಮಡಚಿಲ್ಲ. ಇದೊಂದು ಒಳಗಿಲ್ದೇ ಇದ್ದಿದ್ರೆ ವರ್ಷಗಟ್ಲೆ ಓಡ್ತಿತ್ತು.”

ಆ ಮಾತನ್ನು ನಾನು ರಮೇಶನಿಗೆ ಒಯ್ದು ಮುಟ್ಟಿಸಬೇಕಿತ್ತು. ಅದರ ಬದಲು ಮುದುಕ ಇನ್ನೊಂದು ಗಾಡಿಗೆ ಗಾಳಿ ತುಂಬಲು ಹೋದಾಗ ತುಂಡನ್ನು ಚರಂಡಿಗೆ ಎಸೆದೆ. ಕೈ ತಾನಾಗಿಯೇ ಹಾಗೆ ಮಾಡಿತು. ನಾನು ಇಂಥವಳೇ ಎಂದು ನನಗೇ ದಿಗಿಲಾಯಿತು.

ರಮೇಶ ಕೈಯನ್ನು ಕೊರಳಿಗೆ ಜೋತುಹಾಕಿಕೊಂಡು ಬಂದ. ಏನಾಗಿತ್ತಂತೆ ಎಂದು ಕೇಳಿದ.

“ಟ್ಯೂಬ್ ಒಳಗೆ ಮಡಚ್ಕೊಂಡಿತ್ತಂತೆ,” ಎಂದೆ.

ಅವನು ಅಲ್ಲೇ ಕಲ್ಲಿನ ಮೇಲೆ ಕುಳಿತ.

ಗಾಡಿಯನ್ನು ಅಂಗಡಿಯಲ್ಲೇ ಬಿಟ್ಟು ಎರಡು ಗಂಟೆಯ ಬಸ್ಸು ಹತ್ತಿದೆವು. ಬಸ್ಸಿನ ತುಂಬ ರೇಷ್ಮೆಗೂಡಿನ ವಾಸನೆ. ಕಂಡಕ್ಟರ್ ಅವನ ಕೈ ನೋಡಿ ಕಿಟಕಿಯ ಪಕ್ಕ ಸೀಟು ಕೊಡಿಸಿದ. ನಾವು ಬಿದ್ದ ತಿರುವು ದಾಟುವಾಗ ರಮೇಶ ಕಣ್ಣು ಮುಚ್ಚಿಕೊಂಡ. “ನಿನ್ನ ಸಾಯಿಸಿಬಿಡ್ತಿದ್ದೆ ಅಕ್ಕ,” ಎಂದ. ಸ್ವಲ್ಪ ದೂರ ಹೋದ ಮೇಲೆ, “ಗ್ಯಾರೇಜ್ ಮಾತು ಯಾರ್ ಹತ್ರಾನೂ ಎತ್ತಬೇಡ. ನನ್ನ ನಂಬಿ ಯಾರಾದ್ರೂ ಗಾಡಿ ತಂದ್ರೆ ಏನ್ ಗತಿ,” ಎಂದ.

“ಹೋಗ್ಲಿ ಬಿಡೋ, ಎಲ್ರಿಗೂ ತಪ್ಪಾಗುತ್ತೆ,” ಎಂದೆ. ಅಂದರೆ ನಾನು ಅವನನ್ನು ಕ್ಷಮಿಸಿದೆ.

ಬನಶಂಕರಿ ಬಂತು. ಇಳಿಯುವ ಮೊದಲು ಅವನು ನನ್ನ ಕಿವಿಯ ಹತ್ತಿರ ಬಗ್ಗಿ, “ಅಮ್ಮಂಗೆ ಗಾಡಿ ಹೊಂಡಕ್ಕೆ ಬಿತ್ತು ಅಂತ ಹೇಳು ಅಕ್ಕ. ಟೈರ್ ಹಾಕಕ್ಕೆ ಬರ್ಲಿಲ್ಲ ಅಂತ ಹೇಳ್ಬೇಡ,” ಎಂದು ಬೇಡಿಕೊಂಡ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅವನ ಮುಖದಲ್ಲಿ ಬೆಳಗಿನಿಂದ ಇಲ್ಲದ ನೆಮ್ಮದಿ ಕಂಡಿತು. ಮುಂದೆ ಇಳಿದವನು ತಿರುಗಿ, ಬಸ್ಸಿನ ಮೆಟ್ಟಿಲು ಎತ್ತರವೆಂದು ಎಡಗೈ ಚಾಚಿದ. ನಾನು ಅದನ್ನು ಹಿಡಿದುಕೊಂಡೇ ಇಳಿದೆ.